ಗೇರುಬೀಜದ ಡಾಲರಿಗೆ ಒಂದು ನಿಯಮ ಕಟ್ಟಿದ್ದು

ನಾನು ಬೈಕಂಪಾಡಿಯ ಒಂದು ಗೇರುಬೀಜ ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡುವವನು. ಮಂಗಳೂರು, ಕಾರ್ಕಳ, ಪುತ್ತೂರಿನ ಸುತ್ತ ಇಂಥ ಕಾರ್ಖಾನೆಗಳು ಬೇಕಾದಷ್ಟಿವೆ. ಊರಿನ ಬೀಜ ಯಾರಿಗೂ ಸಾಲುವುದಿಲ್ಲ. ಫೆಬ್ರವರಿಯಿಂದ ಮೇ, ಜೂನ್ ತನಕ ಐವರಿ ಕೋಸ್ಟ್, ಬೆನಿನ್, ಘಾನಾದ ಬೀಜ ಬರಬೇಕು. ಅಕ್ಟೋಬರ್ ಆದ ಮೇಲೆ ಟಾಂಜಾನಿಯಾದ ಬೀಜ. ಮೂಟೆ ಪಣಂಬೂರಿನ ಬಂದರಿನಲ್ಲಿ ಇಳಿಯುತ್ತದೆ, ಬಿಲ್ ಡಾಲರಿನಲ್ಲಿ ಬರುತ್ತದೆ. ತಿರುಳನ್ನು ನಾವು ಮಾರುವುದು ಹೆಚ್ಚಾಗಿ ರೂಪಾಯಿಗೆ. ಅಂದರೆ 90 ದಿನದ ಎಲ್‌ಸಿ (ಬೀಜ ಮಾರುವವನಿಗೆ ಹಣ ಸಿಗುತ್ತದೆ ಎಂದು ನಮ್ಮ ಬ್ಯಾಂಕು ಕೊಡುವ ಖಾತರಿ) ತೆರೆದ ದಿನದಿಂದ ಹಣ ಕಟ್ಟುವ ದಿನದ ತನಕ ಡಾಲರ್ ಏರಿದಷ್ಟೂ ನಮಗೆ ನಷ್ಟ. ಎರಡು ಲಕ್ಷ ಡಾಲರಿನ ಒಂದು ಬಿಲ್ಲಿಗೆ ಒಂದು ಪೈಸೆ ಏರಿದರೆ 2,000 ರೂಪಾಯಿ. 50 ಪೈಸೆ ಏರಿದರೆ ಒಂದು ಲಕ್ಷ.

2023ರ ಕೊನೆಯ ತಿಂಗಳುಗಳಲ್ಲಿ ಡಾಲರ್ 83ರ ಆಸುಪಾಸಿನಲ್ಲಿ ಅಲ್ಲಾಡದೆ ನಿಂತಿತ್ತು. ಆಗ ಯಾರಿಗೂ ಇದರ ಚಿಂತೆ ಇರಲಿಲ್ಲ. 2024ರ ಡಿಸೆಂಬರಿನಲ್ಲಿ 85 ದಾಟಿತು. 2025ರ ಫೆಬ್ರವರಿ ಹೊತ್ತಿಗೆ 88ರ ಹತ್ತಿರ ಬಂತು. ನಾವು ಆಫ್ರಿಕಾದ ಬೀಜಕ್ಕೆ ಎಲ್‌ಸಿ ತೆರೆಯುವ ಸಮಯ ಅದೇ. "ಬ್ಯಾಂಕಿನಲ್ಲಿ ಪೂರ್ತಿ ಫಾರ್ವರ್ಡ್ ಮಾಡಿಬಿಟ್ಟರೆ ಈ ರೇಟಿಗೆ ಸಿಕ್ಕಿ ಬೀಳುತ್ತೇವೆ. ಮಾಡದಿದ್ದರೆ 90 ಆದರೆ ಎಂತ ಗತಿ? ನೀವೊಂದು ದಾರಿ ನೋಡಿ" ಎಂದರು ಯಜಮಾನರು. ಫಾರ್ವರ್ಡ್ ಎಂದರೆ ಮುಂದೆ ಕೊಳ್ಳುವ ಡಾಲರಿಗೆ ಇಂದೇ ಬ್ಯಾಂಕಿನ ಜೊತೆ ರೇಟ್ ನಿಗದಿ ಮಾಡಿಕೊಳ್ಳುವುದು. ಹಾಗೆ ಶುರುವಾದದ್ದು ಈ ಕೆಲಸ: ದಿನ, ಎರಡು ದಿನ, ಹೆಚ್ಚೆಂದರೆ ಒಂದು ವಾರದ ಲೆಕ್ಕದಲ್ಲಿ ಡಾಲರ್ ಕೊಳ್ಳುವ, ಬಿಡುವ ಒಂದು ನಿಯಮ ಕಟ್ಟುವುದು.

ಇಲ್ಲಿ ಕಾನೂನಿನ ಮಾತು ಮೊದಲು ಹೇಳಬೇಕು. ನಮ್ಮಲ್ಲಿ ಎಕ್ಸ್‌ಚೇಂಜಿನಲ್ಲಿ ಡಾಲರ್-ರೂಪಾಯಿ ಫ್ಯೂಚರ್ಸ್ 2008ರ ಆಗಸ್ಟಿನಿಂದ ಇದೆ. ಇದೂ ಮುಂದಿನ ತಾರೀಖಿನ ಡಾಲರಿಗೆ ಇಂದೇ ಬೆಲೆ ಕಟ್ಟುವ ಒಪ್ಪಂದ, ಆದರೆ ಎಕ್ಸ್‌ಚೇಂಜಿನಲ್ಲಿ ಯಾವಾಗ ಬೇಕಾದರೂ ಕೊಂಡು ಮಾರಬಹುದು. ಒಂದು ಲಾಟ್ ಎಂದರೆ 1,000 ಡಾಲರ್, ಬೆಲೆ ಕಾಲು ಪೈಸೆಯ ಹೆಜ್ಜೆಯಲ್ಲಿ ಚಲಿಸುತ್ತದೆ. ವರ್ಷಗಟ್ಟಲೆ ಸಣ್ಣ ಟ್ರೇಡರುಗಳು ಇದರಲ್ಲಿ ಆಡುತ್ತಿದ್ದರು. ಆದರೆ ರೂಪಾಯಿ ಸೇರಿದ ಈ ಕಾಂಟ್ರಾಕ್ಟುಗಳು ನಿಜವಾದ ವಿದೇಶಿ ವಿನಿಮಯದ ಬಾಕಿ ಅಥವಾ ಬರಬೇಕಾದ ಹಣ ಇರುವವರಿಗೆ ಮಾತ್ರ ಎಂದು ರಿಸರ್ವ್ ಬ್ಯಾಂಕು 2024ರ ಜನವರಿಯ ಸುತ್ತೋಲೆಯಲ್ಲಿ ಖಚಿತವಾಗಿ ಹೇಳಿತು. ಏಪ್ರಿಲ್ 5ರಿಂದ ಎಂದಿದ್ದದ್ದು ಮೇ 3ಕ್ಕೆ ಮುಂದೆ ಹೋಗಿ ಜಾರಿಯಾಯಿತು. 10 ಕೋಟಿ ಡಾಲರಿನ ತನಕ ಕಾಗದ ತೋರಿಸಬೇಕಿಲ್ಲ, ಆದರೆ ಬಾಕಿ ಇರಲೇಬೇಕು. ಅದೇ ಬಾಕಿಗೆ ಬೇರೆ ಕಡೆ ಹೆಡ್ಜ್ (ರೇಟಿನ ಏರಿಳಿತದಿಂದ ರಕ್ಷಣೆ) ಮಾಡಿಯೂ ಇರಬಾರದು. ನಮ್ಮಲ್ಲಿ ಬಾಕಿ ಧಾರಾಳವಾಗಿ ಉಂಟು. ಆದ್ದರಿಂದ ನಾವು ಕೊಳ್ಳುವ ಕಡೆ ಮಾತ್ರ ಹೋಗಬಹುದು, ಅದೂ ಬಿಲ್ಲಿನ ಮೊತ್ತದ ಒಳಗೆ. ಈ ಬೇಲಿ ನನಗೆ ಉಪಕಾರವೇ ಆಯಿತು. ಅರ್ಧಕ್ಕರ್ಧ ಆಯ್ಕೆಗಳು ಮೊದಲೇ ಕಡಿಮೆಯಾದವು.

ನನ್ನ ಭಾವ ಸರಕಾರಿ ಬ್ಯಾಂಕೊಂದರ ಮುಂಬೈ ಟ್ರೆಷರಿಯಲ್ಲಿ ವರ್ಷಾನುಗಟ್ಟಲೆ ಕೂತವರು, ಈಗ ನಿವೃತ್ತರಾಗಿ ಕದ್ರಿಯಲ್ಲಿದ್ದಾರೆ. ಬ್ಯಾಂಕುಗಳನ್ನು ಹುಟ್ಟಿಸಿದ ಈ ಜಿಲ್ಲೆಯಲ್ಲಿ ಅಂಥವರು ಪ್ರತಿ ಮನೆಗೆ ಒಬ್ಬರು ಸಿಗುತ್ತಾರೆ. ಒಂದು ಭಾನುವಾರ ನನ್ನ ಚಾರ್ಟುಗಳನ್ನೆಲ್ಲ ಅವರ ಮುಂದೆ ಹರಡಿದೆ. ಅವರು ಚಾರ್ಟ್ ನೋಡಲೇ ಇಲ್ಲ.

"ಇದೆಲ್ಲ ಆಮೇಲೆ. ನೀನು ಗೆದ್ದೆಯೋ ಸೋತೆಯೋ ಅಂತ ಯಾವುದರಿಂದ ಅಳೆಯುವುದು ಮಾರಾಯ?"

"ಫ್ಯೂಚರ್ಸ್ ಖಾತೆಯಲ್ಲಿ ಲಾಭ ಬಂದರೆ ಗೆದ್ದ ಹಾಗೆ ಅಲ್ವಾ ಭಾವ?"

"ಅದು ಬರೀ ಆಡುವವನ ಅಳತೆ. ನಿನ್ನ ಕೈಯಲ್ಲಿ ಒಂದು ಲಾಟೂ ಇಲ್ಲದಿದ್ದಾಗ ನೀನು ಸುಮ್ನೆ ಇದ್ದೀಯ ಅಂತ ತಿಳಿದಿದ್ದೀಯಾ? ಆಗ ನೀನು ಎರಡು ಲಕ್ಷ ಡಾಲರ್ ಶಾರ್ಟ್ ಇದ್ದೀಯ. ಅಂದರೆ ಅಷ್ಟು ಡಾಲರ್ ನೀನಿನ್ನೂ ಕೊಳ್ಳಬೇಕು, ಏರಿದರೆ ನಷ್ಟ ನಿನಗೇ."

ಇಡೀ ಕೆಲಸದಲ್ಲಿ ನನಗೆ ಸಿಕ್ಕಿದ ಅತಿ ದೊಡ್ಡ ವಿಷಯ ಇದು. ಪುಸ್ತಕಗಳಲ್ಲಿ, ವಿಡಿಯೋಗಳಲ್ಲಿ ಕಲಿಸುವ ಶಾರ್ಟ್ ಟರ್ಮ್ ಸ್ಟ್ರಾಟೆಜಿಗಳೆಲ್ಲ ಒಂದು ವಿಷಯವನ್ನು ಹೇಳದೆಯೇ ಒಪ್ಪಿಕೊಂಡಿರುತ್ತವೆ: ಹೊರಗೆ ನಿಂತವನಿಗೆ ಅಪಾಯ ಇಲ್ಲ ಎಂದು. ಸ್ಟಾಪ್ ಲಾಸ್ (ಇಷ್ಟು ನಷ್ಟವಾದರೆ ಬಿಡುವುದು ಎಂದು ಮೊದಲೇ ಇಟ್ಟ ಬೆಲೆ) ಹೊಡೆದರೆ ಹೊರಗೆ ಬಂದು ನಿಟ್ಟುಸಿರು ಬಿಡು, ದೊಡ್ಡ ಸುದ್ದಿಯ ರಾತ್ರಿ ಕೈ ಖಾಲಿ ಇಟ್ಟುಕೋ. ಬಾಕಿ ಇರುವವನಿಗೆ ಇದು ತಲೆಕೆಳಗು. ಹೊರಗೆ ನಿಂತರೆ ನಮ್ಮ ತಲೆಯ ಮೇಲೆ ಸೂರು ಇಲ್ಲ.

ಆದ್ದರಿಂದ ಅಳತೆಗೋಲು ಬದಲಿಸಿದೆ. ಬಿಲ್ಲಿಗೆ ಕೊನೆಗೆ ಒಂದು ಡಾಲರಿಗೆ ಎಷ್ಟು ರೂಪಾಯಿ ಬಿತ್ತು? ಎಲ್‌ಸಿ ತೆರೆದ ದಿನವೇ ಬ್ಯಾಂಕಿನಲ್ಲಿ ಫಾರ್ವರ್ಡ್ ಮಾಡಿದ್ದರೆ ಎಷ್ಟು ಬೀಳುತ್ತಿತ್ತು? ಈ ಎರಡರ ನಡುವಿನ ವ್ಯತ್ಯಾಸವೇ ನನ್ನ ಅಂಕ. ಲೆಕ್ಕಕ್ಕೆ ಒಂದು ಉದಾಹರಣೆ ಹೇಳುತ್ತೇನೆ. 80,000 ಡಾಲರಿಗೆ ಫಾರ್ವರ್ಡ್ ರೇಟ್ 86.40 ಇತ್ತು ಎನ್ನಿ. ನಾವು ಫ್ಯೂಚರ್ಸ್ 86.20ಕ್ಕೆ ಕೊಂಡು 85.70ಕ್ಕೆ ಬಿಟ್ಟೆವು. ಖಾತೆಯಲ್ಲಿ 40,000 ರೂಪಾಯಿ ನಷ್ಟ. ಕಟ್ಟುವ ದಿನ ಡಾಲರ್ 85.60. ನಷ್ಟದ 50 ಪೈಸೆ ಸೇರಿಸಿದರೆ ನಮಗೆ ಬಿದ್ದದ್ದು 86.10. ಫಾರ್ವರ್ಡಿಗಿಂತ 30 ಪೈಸೆ ಕಡಿಮೆ, 24,000 ರೂಪಾಯಿ ಉಳಿತಾಯ. ಬ್ರೋಕರ್ ಕಳಿಸುವ ಸ್ಟೇಟ್‌ಮೆಂಟ್ ಮಾತ್ರ ನೋಡಿದವನಿಗೆ ಇದು ಸೋಲು. ಯಜಮಾನರಿಗೆ ಈ ಲೆಕ್ಕ ತಿಳಿಯುವಂತೆ ಮಾಡಿದ ಮೇಲೆಯೇ ನಾನು ಮುಂದಿನ ಹೆಜ್ಜೆ ಇಟ್ಟದ್ದು.

ನಂತರ ಖರ್ಚು. ನಮ್ಮ ಬ್ರೋಕರ್ ಆರ್ಡರಿಗೆ 20 ರೂಪಾಯಿ ತೆಗೆದುಕೊಳ್ಳುತ್ತಾನೆ. ಒಂದೇ ಲಾಟ್ ಕೊಂಡು ಮಾರಿದರೆ 40, ಅದಕ್ಕೆ ಶೇ. 18 ಜಿಎಸ್‌ಟಿ, ಒಟ್ಟು 47 ರೂಪಾಯಿ ಚಿಲ್ಲರೆ. ಒಂದು ಲಾಟಿಗೆ ಒಂದು ಪೈಸೆ ಎಂದರೆ 10 ರೂಪಾಯಿ. ಅಂದರೆ ಡಾಲರ್ ಹೆಚ್ಚುಕಡಿಮೆ ಐದು ಪೈಸೆ ನಮ್ಮ ಕಡೆ ಬಂದರೂ ನಾವು ಇನ್ನೂ ಸೊನ್ನೆಯಲ್ಲಿ. ಶಾಂತವಾಗಿರುವ ದಿನ ಡಾಲರ್ ಅಲ್ಲಾಡುವುದೇ ಹತ್ತು ಹದಿನೈದು ಪೈಸೆ! ಒಂದೆರಡು ಲಾಟಿನಲ್ಲಿ ದಿನಕ್ಕೆ ಹತ್ತು ಸಲ ಒಳಗೆ ಹೊರಗೆ ಹೋಗುವ ಸ್ಟ್ರಾಟೆಜಿ ಇಲ್ಲಿಗೇ ಸತ್ತಿತು. 40 ಲಾಟ್ ಒಟ್ಟಿಗೆ ಹಾಕಿದರೆ ಬ್ರೋಕರೇಜ್ ಏನೇನೂ ಅಲ್ಲ, ಆದರೆ ಆಗ ಬೇರೆ ಖರ್ಚು ಎದುರಾಗುತ್ತದೆ. 2024ರ ಮೇ ತಿಂಗಳಿಗೆ ಮೊದಲು ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ಕಾಲು ಪೈಸೆ ಅಂತರ ಇರುತ್ತಿತ್ತು. ಸಣ್ಣವರೆಲ್ಲ ಹೊರಟುಹೋದ ಮೇಲೆ ಅಂತರ ಅಗಲವಾಯಿತು, ದೂರದ ತಿಂಗಳ ಕಾಂಟ್ರಾಕ್ಟಿನಲ್ಲಿ ಕೇಳುವವರೇ ಇಲ್ಲ. ಹಾಗಾಗಿ ಹತ್ತಿರದ ತಿಂಗಳು ಮಾತ್ರ, ಮಾರ್ಕೆಟ್ ಆರ್ಡರ್ ಬೇಡ, ಬೆಲೆ ನಮೂದಿಸಿದ ಲಿಮಿಟ್ ಆರ್ಡರ್ ಮಾತ್ರ ಎಂದು ಬರೆದುಕೊಂಡೆ.

ಈ ಮಾರುಕಟ್ಟೆಗೆ ತನ್ನದೇ ಗಡಿಯಾರ ಉಂಟು. ನನ್ನ ಪ್ರಕಾರ ಯಾವ ಇಂಡಿಕೇಟರಿಗಿಂತಲೂ ಇದನ್ನು ಕಲಿಯುವುದು ಮುಖ್ಯ. ಪ್ರಪಂಚದಲ್ಲಿ ದಿನಕ್ಕೆ 7.5 ಲಕ್ಷ ಕೋಟಿ ಡಾಲರಿನ ವಿದೇಶಿ ವಿನಿಮಯ ವ್ಯವಹಾರ ಆಗುತ್ತಿತ್ತು ಎಂದು 2022ರ ಸಮೀಕ್ಷೆ ಹೇಳಿತ್ತು. ಅದು ಮಲಗುವುದೇ ಇಲ್ಲ. ನಮ್ಮ ಎಕ್ಸ್‌ಚೇಂಜಿನ ಡಾಲರ್ ಮಾತ್ರ ಬೆಳಿಗ್ಗೆ 9ಕ್ಕೆ ಎದ್ದು ಸಂಜೆ 5ಕ್ಕೆ ಮಲಗುತ್ತದೆ. ರಾತ್ರಿ ಸಿಂಗಾಪುರ, ಲಂಡನ್, ನ್ಯೂಯಾರ್ಕಿನಲ್ಲಿ, ರೂಪಾಯಿ ಕೈ ಬದಲಿಸದೆ ಬೆಲೆಯ ವ್ಯತ್ಯಾಸವನ್ನು ಮಾತ್ರ ಡಾಲರಿನಲ್ಲಿ ತೀರಿಸುವ, ರೂಪಾಯಿಯ ಎನ್‌ಡಿಎಫ್ ವ್ಯಾಪಾರ ನಡೆದಿರುತ್ತದೆ, ಆ ಬೆಲೆಗೆ ತಕ್ಕಂತೆ ಬೆಳಿಗ್ಗೆ 9ಕ್ಕೆ ಜಿಗಿತ. ಮೊದಲ ಅರ್ಧ ಮುಕ್ಕಾಲು ಗಂಟೆ ಆ ಜಿಗಿತ ಅರಗುವ ಹೊತ್ತು. 11.30ರಿಂದ 12.30ರೊಳಗೆ ಯಾವುದೋ ಒಂದು 15 ನಿಮಿಷದ ವ್ಯವಹಾರ ಹಿಡಿದು, ದೇಶದ ಮಾನದಂಡ ದರಗಳನ್ನು ಪ್ರಕಟಿಸುವ ಸಂಸ್ಥೆಯಾದ ಎಫ್‌ಬಿಐಎಲ್ ಆ ದಿನದ ರೆಫರೆನ್ಸ್ ರೇಟ್ ಮಾಡುತ್ತದೆ, ಆಗ ಕಂಪನಿಗಳ ಆರ್ಡರುಗಳು ಬಂದು ಬೀಳುತ್ತವೆ. 3.30ಕ್ಕೆ ಬ್ಯಾಂಕುಗಳ ಮಾರುಕಟ್ಟೆ ಮುಚ್ಚುತ್ತದೆ. ಆಮೇಲೆ ಎಕ್ಸ್‌ಚೇಂಜಿನಲ್ಲಿ ಬೆಲೆ ಕಾಣಿಸುತ್ತದೆಯೇ ಹೊರತು ಅದರ ಹಿಂದೆ ಬಲ ಇರುವುದಿಲ್ಲ. ಅಮೆರಿಕದ ಬೆಲೆಯೇರಿಕೆ ಅಂಕಿ, ಉದ್ಯೋಗದ ಅಂಕಿ ಬರುವುದು ನಮ್ಮ ಸಂಜೆ 6ಕ್ಕೆ, ಅವರ ಚಳಿಗಾಲದಲ್ಲಿ 7ಕ್ಕೆ. ಫೆಡರಲ್ ರಿಸರ್ವ್ ತೀರ್ಮಾನ ಬರುವುದು ಮಧ್ಯರಾತ್ರಿ ಹೊತ್ತಿಗೆ. ಎಲ್ಲವೂ ನಮ್ಮ ಬಾಗಿಲು ಹಾಕಿದ ಮೇಲೆ. ರಿಸರ್ವ್ ಬ್ಯಾಂಕಿನ ಬಡ್ಡಿದರದ ಘೋಷಣೆ ಒಂದೇ ಬೆಳಿಗ್ಗೆ 10ಕ್ಕೆ ಬರುವುದು.

ಇನ್ನೊಂದು ಸಂಗತಿ, ಡಾಲರ್-ರೂಪಾಯಿಯಲ್ಲಿ ರಿಸರ್ವ್ ಬ್ಯಾಂಕು ಸ್ವತಃ ಇಳಿಯುತ್ತದೆ. ಸರಕಾರಿ ಬ್ಯಾಂಕುಗಳು ಒಂದೇ ಸಮನೆ ಡಾಲರ್ ಮಾರಲು ಶುರುಮಾಡಿದರೆ ಡೀಲರುಗಳಿಗೆ ತಕ್ಷಣ ವಾಸನೆ ಹತ್ತುತ್ತದೆ, ನಮಗೆ ಹತ್ತುವುದಿಲ್ಲ. 2025ರ ಫೆಬ್ರವರಿ 11ರಂದು ಹೀಗೇ ಆಯಿತು. ಹಿಂದಿನ ದಿನ 88ರ ಬಾಗಿಲಲ್ಲಿದ್ದ ಡಾಲರ್ ಒಂದೇ ದಿನದಲ್ಲಿ 60 ಪೈಸೆಗೂ ಜಾಸ್ತಿ ಬಿತ್ತು. ಯುರೋ-ಡಾಲರಿನ ಮೇಲೆ ಕಟ್ಟಿದ ನಿಯಮವನ್ನು ತಂದು ಇಲ್ಲಿ ಹಾಕಿದರೆ ನಡೆಯದೇ ಇರುವುದು ಇದಕ್ಕೇ.

ಈಗ ಹಳೆಯ ಬೆಲೆಗಳ ಮೇಲೆ ಪರೀಕ್ಷೆ. ಇದರಲ್ಲಿ ಒಂದು ಸೂಕ್ಷ್ಮ ಇದೆ, ನಾನು ಅದರಲ್ಲೇ ಬಹಳ ಹೊತ್ತು ಕಳೆದೆ. ಫ್ಯೂಚರ್ಸ್ ಪ್ರತಿ ತಿಂಗಳೂ ಮುಗಿಯುತ್ತದೆ, ತಿಂಗಳ ಕೊನೆಯ ಕೆಲಸದ ದಿನಕ್ಕೆ ಎರಡು ದಿನ ಮೊದಲು, ಮಧ್ಯಾಹ್ನ 12.30ಕ್ಕೆ. ಮುಂದಿನ ತಿಂಗಳ ಬೆಲೆ ಯಾವಾಗಲೂ ಸ್ವಲ್ಪ ಮೇಲೆ ಇರುತ್ತದೆ, ಎರಡು ದೇಶಗಳ ಬಡ್ಡಿಯ ಅಂತರದಿಂದ. ವರ್ಷಕ್ಕೆ ಶೇ. 2 ಎಂದು ಹಿಡಿದರೆ 86 ರೂಪಾಯಿಗೆ ತಿಂಗಳಿಗೆ 14 ಪೈಸೆ. ಎಲ್ಲ ತಿಂಗಳ ಬೆಲೆಗಳನ್ನು ಒಂದರ ಹಿಂದೆ ಒಂದು ಅಂಟಿಸಿದರೆ ಪ್ರತಿ ತಿಂಗಳ ಕೊನೆಗೆ ಡಾಲರ್ 14 ಪೈಸೆ ಏರಿದ ಹಾಗೆ ಚಾರ್ಟಿನಲ್ಲಿ ಕಾಣುತ್ತದೆ. ನಿಜವಾಗಿ ಏನೂ ಏರಿರುವುದಿಲ್ಲ. ಆದರೆ ಏರಿಕೆ ಹಿಡಿಯುವ ಯಾವ ನಿಯಮಕ್ಕೂ ಅದು ಭರ್ಜರಿ ಲಾಭದಂತೆ ಕಾಣುತ್ತದೆ. ಕಾಂಟ್ರಾಕ್ಟ್ ಬದಲಾಗುವ ದಿನದ ಅಂತರವನ್ನು ಹಿಂದಿನ ಎಲ್ಲ ಬೆಲೆಗಳಿಗೂ ಕೂಡಿಸಿ ಸರಿಮಾಡಿಕೊಂಡೆ. ಸರಿಮಾಡುವ ಮೊದಲು ಚಂದ ಕಂಡ ಕೆಲವು ನಿಯಮಗಳು ಸರಿಮಾಡಿದ ಮೇಲೆ ಎಲ್ಲಿ ಹೋದವೋ ಗೊತ್ತಿಲ್ಲ. ಮಾರ್ಕೆಟ್ ಡೇಟಾ ಮಾರುವವರಿಂದ ಸಿದ್ಧ ಚಾರ್ಟ್ ತಂದು ಪರೀಕ್ಷೆ ಮಾಡುವವರು ಇದೊಂದನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಕಚ್ಚಾ ಬೀಜ ಬಂದಾಗ ನಾವು ಕಟಿಂಗ್ ಟೆಸ್ಟ್ ಮಾಡುತ್ತೇವೆ. ಬೇರೆ ಬೇರೆ ಮೂಟೆಯಿಂದ ಬೀಜ ತೆಗೆದು, ಒಂದು ಕಿಲೋ ತೂಗಿ, ಒಂದೊಂದಾಗಿ ಸೀಳಿ, ಒಳ್ಳೆಯ ತಿರುಳು ಎಷ್ಟು, ಕಪ್ಪಾದದ್ದು ಎಷ್ಟು, ಹುಳು ಹಿಡಿದದ್ದು ಎಷ್ಟು ಎಂದು ಬೇರೆ ಮಾಡುತ್ತೇವೆ. ಮೇಲಿನ ಮೂಟೆಯದ್ದೇ ತೆಗೆದರೆ ಇಡೀ ಲೋಡಿನಲ್ಲಿ ಎಷ್ಟು ತಿರುಳು ಸಿಗುತ್ತದೆ ಎಂಬ ಔಟ್‌ಟರ್ನ್ ತಿಳಿಯುವುದಿಲ್ಲ. ನಿಯಮದ ಪರೀಕ್ಷೆಯನ್ನೂ ಹಾಗೇ ಮಾಡಿದೆ. 2023ರ ಕೊನೆಯ ತನಕದ ಬೆಲೆಗಳಲ್ಲಿ ಕಟ್ಟಿದೆ, 2024ರಿಂದ ಈಚಿನದ್ದನ್ನು ಮುಟ್ಟದೆ ಇಟ್ಟುಕೊಂಡು ಕೊನೆಗೆ ಅದರಲ್ಲಿ ನೋಡಿದೆ. ಎರಡು ಮೂವಿಂಗ್ ಆವರೇಜ್ (ಕಳೆದ ಕೆಲವು ದಿನಗಳ ಸರಾಸರಿ ಬೆಲೆ) ಒಂದನ್ನೊಂದು ದಾಟುವ ಪ್ರಸಿದ್ಧ ವಿಧಾನ ಶಾಂತ ತಿಂಗಳುಗಳಲ್ಲಿ ಸವೆದು ಸವೆದು ಹೋಯಿತು. ದಿನಗಳ ಸಂಖ್ಯೆಯನ್ನು 9, 11, 13 ಎಂದು ಬದಲಿಸುತ್ತ ಹೋದರೆ ಯಾವುದೋ ಒಂದು ಜೋಡಿ ಹೊಳೆಯುತ್ತದೆ. ಪಕ್ಕದ ಸಂಖ್ಯೆಯಲ್ಲಿ ಅದೇ ಹೊಳಪು ಇಲ್ಲದಿದ್ದರೆ ಆ ಜೋಡಿಯನ್ನು ನಂಬಬಾರದು. ಇದು ನನ್ನ ದೃಢ ಅಭಿಪ್ರಾಯ.

ಕೊನೆಗೆ ನಿಂತ ನಿಯಮ ಹೀಗಿದೆ. ಬಿಲ್ಲಿನ ಶೇ. 60 ಭಾಗಕ್ಕೆ ಯೋಚನೆಯೇ ಇಲ್ಲ, ಎಲ್‌ಸಿ ತೆರೆದ ದಿನ ಬ್ಯಾಂಕಿನಲ್ಲಿ ಫಾರ್ವರ್ಡ್. ಉಳಿದ ಶೇ. 40 ಮಾತ್ರ ನಿಯಮದ ಕೈಗೆ. ಎರಡು ಲಕ್ಷದ ಬಿಲ್ಲಿಗೆ ಅದು 80 ಲಾಟ್. ಬೆಳಿಗ್ಗೆ 9ರಿಂದ 9.45ರ ತನಕ ಕೈಕಟ್ಟಿ ಕೂತು ಅಷ್ಟು ಹೊತ್ತಿನ ಗರಿಷ್ಠ, ಕನಿಷ್ಠ ಬೆಲೆ ಬರೆಯುವುದು. ಆಮೇಲೆ 15 ನಿಮಿಷದ ಕ್ಯಾಂಡಲ್ (ಅಷ್ಟು ಹೊತ್ತಿನ ಬೆಲೆ ತೋರಿಸುವ ಚಾರ್ಟಿನ ಗೆರೆ) ಆ ಗರಿಷ್ಠದ ಮೇಲೆ ಮುಗಿದರೆ 40 ಲಾಟ್ ಕೊಳ್ಳುವುದು. ಆದರೆ ಮೊದಲ ಮುಕ್ಕಾಲು ಗಂಟೆಯಲ್ಲೇ ಬೆಲೆ, ದಿನಕ್ಕೆ ಸರಾಸರಿ ಎಷ್ಟು ಅಲ್ಲಾಡುತ್ತದೆ ಎಂದು ತೋರಿಸುವ 14 ದಿನದ ಎಟಿಆರ್‌ನ ಅರ್ಧಕ್ಕಿಂತ ಜಾಸ್ತಿ ಓಡಿದ್ದರೆ ಅಂದು ಕೊಳ್ಳುವುದಿಲ್ಲ, ಓಟದ ಹೆಚ್ಚಿನ ಭಾಗ ಮುಗಿದಿರುತ್ತದೆ. 3.15ಕ್ಕೂ ಬೆಲೆ ನಾವು ಕೊಂಡದ್ದಕ್ಕಿಂತ ಮೇಲಿದ್ದರೆ ಉಳಿದ 40. ಹಿಂದಿನ ಎರಡು ದಿನದ ಕನಿಷ್ಠಕ್ಕಿಂತ ಕೆಳಗೆ ದಿನ ಮುಗಿದರೆ ಬಿಡುವುದು. ಇಂತಿಷ್ಟು ಲಾಭ ಬಂದರೆ ಸಾಕು ಎಂಬ ಗುರಿ ಇಟ್ಟಿಲ್ಲ. ಡಾಲರ್ ಏರುತ್ತಿರುವಾಗ ಹೆಡ್ಜ್ ಬಿಟ್ಟುಕೊಡುವುದರಲ್ಲಿ ಅರ್ಥವಿಲ್ಲ.

ಅಮೆರಿಕದ ದೊಡ್ಡ ಅಂಕಿಗಳು, ಫೆಡ್ ತೀರ್ಮಾನ ಬರುವ ದಿನ ಮಧ್ಯಾಹ್ನ 3ರೊಳಗೆ ಕನಿಷ್ಠ 40 ಲಾಟ್ ಕೈಯಲ್ಲಿ ಇರಲೇಬೇಕು, ಚಾರ್ಟ್ ಏನೇ ಹೇಳಲಿ. ಬರೀ ಟ್ರೇಡರ್ ಆಗಿದ್ದರೆ ಅದೇ ದಿನ ಖಾಲಿ ಇರುತ್ತಿದ್ದ. ಎಟಿಆರ್ 10 ಪೈಸೆಗಿಂತ ಕೆಳಗೆ ಬಿದ್ದಿದ್ದರೆ ಈ ಆಟವೇ ಬೇಡ, ಶೇ. 40 ಕೂಡ ಬ್ಯಾಂಕಿಗೆ. ಹಣ ಕಟ್ಟಲು ಹತ್ತು ಕೆಲಸದ ದಿನ ಉಳಿದಾಗಲೂ ಅಷ್ಟೇ.

ಇದನ್ನು ಒಂದು ಹಾಳೆಯಲ್ಲಿ ಬರೆದು ಅಕೌಂಟ್ಸಿನ ಹುಡುಗಿಗೆ ಕೊಟ್ಟೆ. ಅವಳಿಗೆ ಟ್ರೇಡಿಂಗ್ ಗೊತ್ತಿಲ್ಲ, ಬೇಕಾದದ್ದೂ ಅದೇ. ಹಳೆಯ ದಿನಗಳ ಚಾರ್ಟುಗಳನ್ನು ತಾರೀಖು ಮುಚ್ಚಿ ಇಬ್ಬರೂ ಬೇರೆ ಬೇರೆ ಕೂತು ಗುರುತು ಹಾಕಿದೆವು. ಒಂದು ಚಾರ್ಟಿನಲ್ಲಿ ಬೆಲೆ ಗರಿಷ್ಠವನ್ನು ದಾಟಿ ವಾಪಸ್ ಒಳಗೆ ಬಂದು ಕ್ಯಾಂಡಲ್ ಮುಗಿದಿತ್ತು. ಅವಳು ಕೊಳ್ಳುವುದು ಎಂದು ಬರೆದಿದ್ದಳು, ನಾನು ಬೇಡ ಎಂದಿದ್ದೆ. "ಸರ್, ಇಲ್ಲಿ ಮೇಲೆ ಹೋಗಿದೆಯಲ್ಲ?" ಎಂದಳು. ಆಗ ಹಾಳೆಯಲ್ಲಿ ಕ್ಯಾಂಡಲ್ ಮುಗಿಯುವ ತನಕ ಕಾಯಬೇಕು ಎಂಬ ಸಾಲು ಸೇರಿತು. ಇಬ್ಬರ ಗುರುತೂ ಪ್ರತಿ ಚಾರ್ಟಿನಲ್ಲೂ ಒಂದೇ ಆಗುವ ತನಕ ಹಾಳೆಯನ್ನು ತಿದ್ದುತ್ತಲೇ ಇದ್ದೆವು. ಕಂಪ್ಯೂಟರ್ ಪರೀಕ್ಷೆಗಿಂತ ಇದು ನನಗೆ ಜಾಸ್ತಿ ಧೈರ್ಯ ಕೊಟ್ಟಿತು.

ನಗದು ಹಣದ ವಿಷಯ ಯಜಮಾನರ ಹತ್ತಿರ ಕೂತು ಮಾತಾಡಬೇಕಾಯಿತು. ಫ್ಯೂಚರ್ಸಿನಲ್ಲಿ ದಿನದ ನಷ್ಟ ದಿನವೇ ಕಟ್ಟಬೇಕು. ಬಿಲ್ ಅಗ್ಗವಾದ ಲಾಭ ಕೈಗೆ ಬರುವುದು ಎರಡು ಮೂರು ತಿಂಗಳ ನಂತರ. ಫೆಬ್ರವರಿ 11ರಂಥ ದಿನ ಎರಡು ಲಕ್ಷ ಡಾಲರನ್ನೂ ಫ್ಯೂಚರ್ಸಿನಲ್ಲೇ ಇಟ್ಟಿದ್ದರೆ ಒಂದೇ ದಿನ 1.2 ಲಕ್ಷ ರೂಪಾಯಿ ಹೊರಗೆ ಹೋಗುತ್ತಿತ್ತು. ಶನಿವಾರ ಸಿಪ್ಪೆ ತೆಗೆಯುವ ಹೆಂಗಸರಿಗೆ ಸಂಬಳ ಕೊಡಬೇಕು. ಆ ಹಣಕ್ಕೆ ಕೈ ಹಾಕುವ ಪ್ರಶ್ನೆಯೇ ಇಲ್ಲ. 80 ಲಾಟಿಗೆ ಒಂದೂವರೆ ರೂಪಾಯಿ ಇಳಿತ ತಡೆಯುವಷ್ಟು, ಅಂದರೆ 1.2 ಲಕ್ಷ, ಮಾರ್ಜಿನ್ (ಬ್ರೋಕರ್ ಬಳಿ ಮೊದಲೇ ಇಡುವ ಠೇವಣಿ) ಬಿಟ್ಟು ಬೇರೆ ಖಾತೆಯಲ್ಲಿ ಇಟ್ಟೆವು. ಅದು ಸಿಗುವ ತನಕ ನಿಜವಾದ ಆರ್ಡರ್ ಹಾಕಲಿಲ್ಲ, ಕಾಗದದ ಮೇಲೆಯೇ ನಡೆಸಿದೆವು.

ಕಾಗದದ ಮೇಲೆ ನಡೆಯುತ್ತಿದ್ದಾಗಲೇ ಮೇ ತಿಂಗಳು ಬಂತು. ಮೊದಲ ವಾರ ಡಾಲರ್ 84ರ ಕೆಳಗೂ ಒಮ್ಮೆ ಇಣುಕಿತು. ಫೆಬ್ರವರಿಯಲ್ಲಿ ಹೆದರಿ ಪೂರ್ತಿ ಫಾರ್ವರ್ಡ್ ಮಾಡಿದವರಿಗೆ ಹೊಟ್ಟೆ ಉರಿದಿರಬೇಕು. ಆಪರೇಷನ್ ಸಿಂಧೂರದ ಮರುದಿನ, ಮೇ 8ರಂದು, ರೂಪಾಯಿ ಸುಮಾರು 80 ಪೈಸೆ ಕುಸಿಯಿತು. ಭಾವ ಫೋನ್ ಮಾಡಿದರು. "ಎಂತ ಹೇಳುತ್ತದೆ ನಿನ್ನ ಹಾಳೆ?" ಹಾಳೆ ಇಂಥದ್ದನ್ನು ಮೊದಲೇ ಹೇಳುವುದಿಲ್ಲ. ಅದಕ್ಕೇ ಶೇ. 60 ಇರುವುದು ಎಂದೆ. "ಸರಿ ಉಂಟು" ಎಂದು ಇಟ್ಟರು. ಅವರಿಂದ ಅಷ್ಟು ಬಂದರೆ ದೊಡ್ಡದು.

ಪ್ಯಾಕಿಂಗಿನ ಹುಡುಗರಿಗೆ ನಾನು ಡಾಲರ್ ನೋಡುತ್ತೇನೆ ಎಂದು ಗೊತ್ತಾದ ಮೇಲೆ ಕೆಲವರು ಮೊಬೈಲ್ ತಂದು ತೋರಿಸಿದರು. ಯುರೋ-ಡಾಲರ್, ಚಿನ್ನ, ನೂರು ಪಟ್ಟು ಲೆವರೇಜ್ (ಹಾಕಿದ ಹಣದ ನೂರರಷ್ಟು ವ್ಯವಹಾರ), ಇಪ್ಪತ್ತು ಡಾಲರ್ ಹಾಕಿದರೆ ಶುರು. ಅವರನ್ನು ಕೂರಿಸಿ ಹೇಳಿದೆ: ನಮ್ಮ ದೇಶದಲ್ಲಿ ವಿದೇಶಿ ವಿನಿಮಯ ವ್ಯಾಪಾರ ಮಾಡಬೇಕಿದ್ದರೆ ಅನುಮತಿ ಇರುವ ಬ್ಯಾಂಕಿನ ಜೊತೆ ಅಥವಾ ಮಾನ್ಯತೆ ಪಡೆದ ಎಕ್ಸ್‌ಚೇಂಜಿನಲ್ಲಿ ಮಾತ್ರ, ಅದೂ ಅನುಮತಿ ಇರುವ ಉದ್ದೇಶಕ್ಕೆ. ಮಾರ್ಜಿನ್ ಕಟ್ಟಲು ಹೊರದೇಶಕ್ಕೆ ಹಣ ಕಳಿಸುವಂತಿಲ್ಲ. ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಲ್ಲಿ ಅನುಮತಿ ಇಲ್ಲದವರ 34 ಹೆಸರಿನ ಎಚ್ಚರಿಕೆ ಪಟ್ಟಿ ಹಾಕಿತು, ಆಮೇಲೆ ಅದು ಬೆಳೆಯುತ್ತಲೇ ಇದೆ. ಪಟ್ಟಿಯಲ್ಲಿ ಇಲ್ಲ ಎಂದ ಮಾತ್ರಕ್ಕೆ ಅನುಮತಿ ಇದೆ ಎಂದಲ್ಲ, ಇದನ್ನು ರಿಸರ್ವ್ ಬ್ಯಾಂಕೇ ಹೇಳಿದೆ. ನೂರು ಪಟ್ಟು ಲೆವರೇಜಿನಲ್ಲಿ ಬೆಲೆ ನೂರಕ್ಕೆ ಒಂದು ಎದುರು ಹೋದರೆ ಹಾಕಿದ್ದೆಲ್ಲ ಹೋಯಿತು. ವಾರದ ಸಂಬಳ ಅದು, ನೋಡಿ ಸುಮ್ಮನಿರಲು ನನ್ನಿಂದ ಆಗುವುದಿಲ್ಲ.

ಮಳೆಗಾಲದಲ್ಲಿ ಸಣ್ಣ ಬಿಲ್ಲೊಂದಕ್ಕೆ, ಕಡಿಮೆ ಲಾಟಿನಲ್ಲಿ, ನಿಯಮವನ್ನು ನಿಜವಾಗಿ ನಡೆಸಿದೆವು. ಆಗಸ್ಟ್ ಕೊನೆಗೆ ಡಾಲರ್ 88 ದಾಟುವಾಗ ನಮ್ಮ ಪಾಲಿನ ಲಾಟುಗಳು ಕೈಯಲ್ಲೇ ಇದ್ದವು, ಬಿಲ್ಲಿಗೆ ಬಿದ್ದ ರೇಟ್ ಫಾರ್ವರ್ಡಿಗಿಂತ ಸ್ವಲ್ಪ ಕೆಳಗೆ ಬಂತು. ಒಂದು ಬಿಲ್ಲಿನಿಂದ ಏನೂ ತೀರ್ಮಾನ ಆಗುವುದಿಲ್ಲ. ಟಾಂಜಾನಿಯಾದ ಬೀಜಕ್ಕೆ ಶೇ. 60ನ್ನು 70 ಮಾಡುವುದಾ ಎಂದು ಯಜಮಾನರು ಕೇಳಿದ್ದಾರೆ. ಹಳೆಯ ಬೆಲೆಗಳಲ್ಲಿ 50, 60, 70 ಮೂರನ್ನೂ ಹಾಕಿ ನೋಡಿದೆ. ಕೊನೆಯ ರೇಟಿನಲ್ಲಿ ವ್ಯತ್ಯಾಸ ಕಡಿಮೆ, ದಿನದಿನಕ್ಕೆ ಕಟ್ಟಬೇಕಾದ ನಗದಿನಲ್ಲಿ ವ್ಯತ್ಯಾಸ ಜಾಸ್ತಿ. ಎಲ್‌ಸಿ ತೆರೆಯುವ ಮೊದಲು ನಗದಿನ ಆ ಲೆಕ್ಕವನ್ನು ತಿಂಗಳು ತಿಂಗಳಾಗಿ ಬಿಡಿಸಿ ಅವರ ಮೇಜಿನ ಮೇಲೆ ಇಡಬೇಕು, ಈ ವಾರದ ಕೆಲಸ ಅದೇ.